ಆಫ್ರಿಕಾಕ್ಕೆ ಹೋಗುವವರಿಗೆ ಸ್ವೆಟರ್ ಬೇಕಾ?

"ತಮ್ಮನಿಗೆ ಆಫ್ರಿಕಾದಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಬರೀ ಸೆಕೆ, ಮರುಭೂಮಿ ಅಂತಾರೆ. ಹವೆ ಹೇಗೆ, ಜನ ಹೇಗೆ? ಸ್ವೆಟರ್ ಗಿವೆಟರ್ ಬೇಕಾ?" ಅಂತ ಕೇಳಿದ್ದೀರಿ. ಯಾವ ದೇಶ, ಯಾವ ಊರು ಅಂತ ಬರೆದಿಲ್ಲ. ಉತ್ತರ ಪೂರ್ತಿ ಅದರ ಮೇಲೇ ನಿಂತಿದೆ. ನಾನು ಬೋರ್‌ವೆಲ್ ಪಂಪ್ ಕಂಪನಿಯ ಕೆಲಸದ ಮೇಲೆ ಕೆಲವು ವರ್ಷ ಕೀನ್ಯಾದ ರಾಜಧಾನಿ ನೈರೋಬಿಯಲ್ಲಿದ್ದೆ. ಅಲ್ಲಿಂದ ಟಾಂಜಾನಿಯಾ, ಇಥಿಯೋಪಿಯಾ ಕಡೆ ಓಡಾಡಿದ್ದೇನೆ. ಹಾಗಾಗಿ ಪೂರ್ವ ಆಫ್ರಿಕಾದ ಮಾತೇ ಇಲ್ಲಿ ಜಾಸ್ತಿ ಬರುತ್ತದೆ.

ಮೊದಲು ಗಾತ್ರ. ಆಫ್ರಿಕಾ ಸುಮಾರು 3 ಕೋಟಿ ಚದರ ಕಿಲೋಮೀಟರ್. ನಮ್ಮ ದೇಶದಂಥವು ಒಂಬತ್ತು ಅದರೊಳಗೆ ಕೂರುತ್ತವೆ. ಗೋಡೆಗೆ ತೂಗುಹಾಕುವ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚೂಕಡಿಮೆ ಆಫ್ರಿಕಾದಷ್ಟೇ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಅದರ 14 ಪಟ್ಟು ದೊಡ್ಡದು. 54 ದೇಶಗಳು. ಇಷ್ಟು ಜಾಗಕ್ಕೆಲ್ಲ ಒಂದೇ ಹವೆ ಇರೋಕೆ ಸಾಧ್ಯವೇ ಇಲ್ಲ, ಅಲ್ವಾ?

ಊರಿನ ಹೆಸರು ಗೊತ್ತಾದ ಕೂಡಲೇ ಅದು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅಂತ ನೋಡಿ. ಭೂಮಧ್ಯರೇಖೆಗೆ ಎಷ್ಟು ಹತ್ತಿರ ಅನ್ನುವುದನ್ನು ಆಮೇಲೆ ನೋಡಿದರೂ ನಡೆಯುತ್ತದೆ. ನೈರೋಬಿ ಭೂಮಧ್ಯರೇಖೆಯಿಂದ ನೂರೈವತ್ತು ಕಿಲೋಮೀಟರ್ ಒಳಗೇ ಇದೆ. ಆದರೆ ಸುಮಾರು 1,700 ಮೀಟರ್ ಎತ್ತರ. ಬೆಂಗಳೂರು 900 ಚಿಲ್ಲರೆ ಮೀಟರ್ ಅಷ್ಟೇ. ಜುಲೈ ತಿಂಗಳಲ್ಲಿ ನೈರೋಬಿಯಲ್ಲಿ ದಿನಗಟ್ಟಲೆ ಮೋಡ. ಮಧ್ಯಾಹ್ನವೂ 21-22 ಡಿಗ್ರಿ, ರಾತ್ರಿ 12 ಡಿಗ್ರಿ ಆಸುಪಾಸು. ಜನ ದಪ್ಪ ಜಾಕೆಟ್ ಹಾಕಿಕೊಂಡೇ ಓಡಾಡುತ್ತಾರೆ. ಬಹಳಷ್ಟು ಮನೆಗಳಲ್ಲಿ ಫ್ಯಾನೇ ಇರುವುದಿಲ್ಲ. ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬ ಇನ್ನೂ ಎತ್ತರ, 2,300 ಮೀಟರ್‌ಗೂ ಮೇಲೆ. ತಮ್ಮ ಈ ಎರಡರಲ್ಲಿ ಯಾವ ಊರಿಗೆ ಹೋದರೂ ಸ್ವೆಟರ್ ಕಳಿಸಿ.

ಅದೇ ಕೀನ್ಯಾದ ಮೊಂಬಾಸಾ ಆದರೆ ಕಥೆ ಬೇರೆ. ಅದು ಕಡಲೂರು. ಮಂಗಳೂರಿನವರಿಗೆ ಹೊಸದೇನೂ ಅನ್ನಿಸುವುದಿಲ್ಲ, ಅದೇ ತೆಂಗು, ಅದೇ ಬೆವರು. ಉತ್ತರದ ತುರ್ಕಾನಾ ಕಡೆ ಹೋದರೆ ಒಣ ನೆಲ, 35 ಡಿಗ್ರಿ ಮಾಮೂಲು. ಇಥಿಯೋಪಿಯಾದಲ್ಲಂತೂ ಒಂದು ಕಡೆ ನಾಲ್ಕು ಸಾವಿರ ಮೀಟರ್ ದಾಟುವ ಬೆಟ್ಟ, ಇನ್ನೊಂದು ಕಡೆ ಸಮುದ್ರಮಟ್ಟಕ್ಕಿಂತ ನೂರು ಮೀಟರ್‌ಗೂ ಕೆಳಗಿರುವ ದನಕಿಲ್ ತಗ್ಗು. ಜಗತ್ತಿನ ಅತಿ ಬಿಸಿ ಜಾಗಗಳಲ್ಲಿ ಅದೂ ಒಂದು.

ಈ ಏರಿಳಿತ ಯಾಕೆ ಅಂದರೆ, ಪೂರ್ವ ಆಫ್ರಿಕಾದ ನೆಲ ಅಡಿಯಿಂದ ಬಿಸಿಯಾಗಿ ಉಬ್ಬಿಕೊಂಡು ಉದ್ದಕ್ಕೆ ಸೀಳುತ್ತಿದೆ. ಅದೇ ಗ್ರೇಟ್ ರಿಫ್ಟ್ ಕಣಿವೆ. ಸೀಳಿನ ತಳದಲ್ಲಿ ನೀರು ನಿಂತು ಟ್ಯಾಂಗನೀಕಾದಂಥ ಸರೋವರ ಆಗಿದೆ, ಆಳ ಸುಮಾರು 1,470 ಮೀಟರ್. ಕೀನ್ಯಾದವರು ನೈವಾಶಾ ಹತ್ತಿರ ನೆಲದ ಹಬೆಯಿಂದಲೇ ಕರೆಂಟ್ ತೆಗೆಯುತ್ತಾರೆ. ದೇಶದ ವಿದ್ಯುತ್ತಿನಲ್ಲಿ ಅರ್ಧದ ಹತ್ತಿರ ಇಂಥ ಹಬೆಯದ್ದೇ. ನಮ್ಮ ಕಸುಬಿನವರಿಗೆ ಮಾತ್ರ ಈ ಕಣಿವೆ ತಲೆನೋವು. ಬೋರ್ ಕೊರೆದರೆ ನೀರು ಸಿಗುತ್ತದೆ, ಜೊತೆಗೆ ಫ್ಲೋರೈಡೂ ಸಿಗುತ್ತದೆ. ಕೆಲವು ಹಳ್ಳಿಗಳಲ್ಲಿ ಅದರಿಂದ ಮಕ್ಕಳ ಹಲ್ಲಿನ ಮೇಲೆ ಆದ ಕಂದು ಕಲೆ ನೋಡಿದಾಗ ನನಗೆ ಪಾವಗಡ, ಕೋಲಾರ ನೆನಪಾಗುತ್ತಿತ್ತು. ಪಂಪ್ ಇಳಿಸುವ ಮೊದಲು ನೀರು ಪರೀಕ್ಷೆ ಮಾಡಿಸಲೇಬೇಕು.

ಇನ್ನು ಮಳೆ. ಸೂರ್ಯ ಉತ್ತರಕ್ಕೆ ಸರಿದಂತೆ ಮಳೆಯೂ ಉತ್ತರಕ್ಕೆ, ದಕ್ಷಿಣಕ್ಕೆ ಬಂದಂತೆ ಮಳೆಯೂ ದಕ್ಷಿಣಕ್ಕೆ. ನಡುವೆ ಇರುವ ಕೀನ್ಯಾಕ್ಕೆ ಹಾಗಾಗಿ ಎರಡು ಮಳೆಗಾಲ: ಮಾರ್ಚ್‌ನಿಂದ ಮೇ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್ ಚಿಕ್ಕ ಮಳೆ. ಸಹಾರಾದ ಕೆಳಗಿನ ಅಂಚಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಂದೇ ಮಳೆ, ಅದು ಕೈಕೊಟ್ಟರೆ ಬರಗಾಲ. ಜಾಂಬಿಯಾ, ಜಿಂಬಾಬ್ವೆಗಳಿಗೆ ನವೆಂಬರ್‌ನಿಂದ ಮಾರ್ಚ್. ಕೇಪ್ ಟೌನ್ ಒಂದು ಬೇರೆಯೇ ಲೆಕ್ಕ, ಅಲ್ಲಿ ಮಳೆ ಚಳಿಗಾಲದಲ್ಲಿ, ಅಂದರೆ ಜೂನ್-ಆಗಸ್ಟ್‌ನಲ್ಲಿ.

ನನಗೆ ತುಂಬ ಇಷ್ಟವಾದ ಸಂಗತಿ ನದಿಗಳದ್ದು. ಕಾಂಗೋ ನದಿ ಭೂಮಧ್ಯರೇಖೆಯನ್ನು ಎರಡು ಸಲ ದಾಟುತ್ತದೆ. ಅದರ ಉಪನದಿಗಳು ಎರಡೂ ಕಡೆಯಿಂದ ಬರುವುದರಿಂದ ಒಂದು ಕಡೆ ಬೇಸಿಗೆ ಇದ್ದಾಗ ಇನ್ನೊಂದು ಕಡೆ ಮಳೆ. ಆದ್ದರಿಂದ ವರ್ಷವಿಡೀ ನೀರು ಬತ್ತುವುದಿಲ್ಲ. ನೈಲ್ ಹಾಗಲ್ಲ. ಈಜಿಪ್ಟಿಗೆ ಬರುವ ನೀರಿನಲ್ಲಿ ಶೇಕಡಾ 85ರಷ್ಟು ಇಥಿಯೋಪಿಯಾದ ಬೆಟ್ಟಗಳದ್ದು. 1960ರ ದಶಕದಲ್ಲಿ ಅಸ್ವಾನ್ ಹೈ ಡ್ಯಾಮ್ ನೀರು ಹಿಡಿಯಲು ಶುರುಮಾಡುವ ತನಕ, ಒಂದು ಹನಿ ಮಳೆ ಕಾಣದ ಈಜಿಪ್ಟಿನ ರೈತರ ಹೊಲಕ್ಕೆ ಬೇಸಿಗೆಯ ಕೊನೆಯಲ್ಲಿ ನೆರೆ ಬರುತ್ತಿತ್ತು. ಇಂದಿಗೂ ಆ ಎರಡು ದೇಶಗಳ ನೀರಿನ ಜಗಳ ಮುಗಿದಿಲ್ಲ. ಕಾವೇರಿ ನೋಡಿದ ನಮಗೆ ಬಿಡಿಸಿ ಹೇಳಬೇಕಿಲ್ಲ.

ಮರುಭೂಮಿ ಇಲ್ಲವೇ? ಇದೆ, ಸಹಾರಾ ಒಂದೇ ಸುಮಾರು 90 ಲಕ್ಷ ಚದರ ಕಿಲೋಮೀಟರ್. ಆದರೆ ಅದರಲ್ಲಿ ಮರಳು ದಿಬ್ಬ ಕಾಲು ಭಾಗದಷ್ಟೇ, ಉಳಿದದ್ದು ಹೆಚ್ಚಾಗಿ ಕಲ್ಲು, ಜಲ್ಲಿ, ಬೋಳು ಗುಡ್ಡ.

ಜನ ಹೇಗೆ ಅಂತ ಕೇಳಿದ್ದೀರಲ್ಲ. "ಏಷ್ಯಾದವರು ಹೇಗೆ" ಅಂತ ಯಾರಾದರೂ ಕೇಳಿದರೆ ನಾವೇನು ಹೇಳುತ್ತೇವೆ? ಸುಮಾರು 2,000 ಭಾಷೆಗಳಿರುವ ಖಂಡ ಅದು. ಒಟ್ಟಾರೆ ಹೇಳಬಹುದಾದ್ದು ಒಂದೇ, ಅಲ್ಲಿ ಅರ್ಧದಷ್ಟು ಜನ 20 ವರ್ಷದೊಳಗಿನವರು. ಯಾವ ಊರಿಗೆ ಹೋದರೂ ಶಾಲೆ ಬಿಡುವ ಹೊತ್ತಿಗೆ ರಸ್ತೆ ತುಂಬಿರುತ್ತದೆ.

ಪೂರ್ವ ಆಫ್ರಿಕಾದ ಎರಡು ವಿಷಯ ತಮ್ಮನಿಗೆ ಹೇಳಿರಿ. ಒಂದು, ಎದುರಾದ ಕೂಡಲೇ ಕೆಲಸದ ಮಾತು ತೆಗೆಯಬಾರದು. ಹೇಗಿದ್ದೀರಿ, ಮನೆಯಲ್ಲಿ ಹೇಗೆ ಅಂತ ಕೇಳಿದ ಮೇಲೆ ಉಳಿದದ್ದು. ನೇರ ವಿಷಯಕ್ಕೆ ಬಂದರೆ ಒರಟ ಅಂದುಕೊಳ್ಳುತ್ತಾರೆ. ಎರಡು, ಗಡಿಯಾರ. ಸ್ವಾಹಿಲಿಯಲ್ಲಿ ಮಾತಾಡುವಾಗ ಗಂಟೆಯ ಎಣಿಕೆ ಬೆಳಿಗ್ಗೆ ಆರರಿಂದ ಶುರು. ನಮ್ಮ 8 ಗಂಟೆ ಅವರಿಗೆ ಎರಡು. ಅಲ್ಲಿ ವರ್ಷವಿಡೀ ಸೂರ್ಯ ಹುಟ್ಟುವ ಹೊತ್ತು ಹೆಚ್ಚೇನೂ ಬದಲಾಗುವುದಿಲ್ಲ, ಅದಕ್ಕೇ ಈ ಲೆಕ್ಕ ಸಲೀಸಾಗಿ ನಡೆಯುತ್ತದೆ. ಇಥಿಯೋಪಿಯಾದಲ್ಲೂ ಹೀಗೇ. ಮೇಲಾಗಿ ಅವರ ವರ್ಷಕ್ಕೆ 13 ತಿಂಗಳು!

ಹಿಂದುಳಿದ ಜಾಗ ಅಂದುಕೊಂಡು ಹೋಗುವುದು ಬೇಡ. ಮೊಬೈಲಿನಲ್ಲಿ ದುಡ್ಡು ಕಳಿಸುವ ಎಂ-ಪೆಸಾ ಕೀನ್ಯಾದಲ್ಲಿ ಶುರುವಾದದ್ದು 2007ರಲ್ಲಿ. ನಮ್ಮ ಯುಪಿಐ ಬಂದದ್ದು 2016ಕ್ಕೆ. ಭಾರತೀಯರೂ ಅಲ್ಲಿ ಹೊಸಬರಲ್ಲ. 1896ರಿಂದ 1901ರ ತನಕ ಮೊಂಬಾಸಾದ ರೈಲು ಹಳಿ ಹಾಕಲು ಇಲ್ಲಿಂದ 30,000ಕ್ಕೂ ಹೆಚ್ಚು ಕೂಲಿಗಳು ಹೋಗಿದ್ದರು. ಸುಮಾರು 2,500 ಮಂದಿ ಅಲ್ಲೇ ಸತ್ತರು. ಕೆಲವರು ಅಲ್ಲೇ ಉಳಿದರು, ಗುಜರಾತಿ ವ್ಯಾಪಾರಿಗಳೂ ಬಂದು ಸೇರಿದರು. 2017ರಲ್ಲಿ ಕೀನ್ಯಾ ಸರ್ಕಾರ ಏಷ್ಯನ್ನರನ್ನು ದೇಶದ 44ನೇ ಬುಡಕಟ್ಟು ಅಂತ ಒಪ್ಪಿಕೊಂಡಿತು. ಚಪಾತಿ ಈಗ ಕೀನ್ಯಾದವರದೇ ಊಟ. ಉಗಾಲಿ ಅಂತ ಬಿಳಿ ಮುಸುಕಿನ ಜೋಳದ ಹಿಟ್ಟಿನ ಮುದ್ದೆ ಸಿಗುತ್ತದೆ. ರಾಗಿ ಗಂಜಿಯೂ ಸಿಗುತ್ತದೆ. ಸಿಗದೇ ಇರುತ್ತದಾ, ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಬೆಟ್ಟದ ಸೀಮೆಯಲ್ಲಿ.

ಕೀನ್ಯಾ, ಇಥಿಯೋಪಿಯಾದಂಥ ಹಳದಿ ಜ್ವರ ಇರುವ ದೇಶಕ್ಕೆ ಹೋಗುವುದಾದರೆ, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಅದರ ಲಸಿಕೆ ಹಾಕಿಸಿ. ಆ ಹಳದಿ ಕಾರ್ಡನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಲಿ. ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲಿ ಕೇಳುತ್ತಾರೆ, ಇಲ್ಲದಿದ್ದರೆ ಪ್ರತ್ಯೇಕವಾಗಿ ಕೂರಿಸುವುದೂ ಉಂಟು. ಮಲೇರಿಯಾ ಎತ್ತರದ ಊರುಗಳಲ್ಲಿ ಕಡಿಮೆ, ಕರಾವಳಿಯಲ್ಲೂ ವಿಕ್ಟೋರಿಯಾ ಸರೋವರದ ಸುತ್ತಮುತ್ತಲೂ ಜಾಸ್ತಿ. ಆ ಕಡೆ ಹೋಗುವುದಾದರೆ ಡಾಕ್ಟರ್ ಹತ್ತಿರ ಮಾತ್ರೆ ಕೇಳಿ ತೆಗೆದುಕೊಳ್ಳಲಿ, ಸೊಳ್ಳೆಪರದೆ ಅಲ್ಲೇ ಸಿಗುತ್ತದೆ.