"ಸರಿಯಾಗಿ ಮುಕ್ಕಲಿಲ್ಲ" ಎಂಬ ಮಾತನ್ನು ಹೊತ್ತು ಬಂದ ತಾಯಿ

ಚೊಚ್ಚಲ ಹೆರಿಗೆಯಾದವರಲ್ಲಿ ಮತ್ತೆ ಮತ್ತೆ ಕಾಣುವ ಪ್ರಕರಣವಿದು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಮಗುವಿಗೆ ಹತ್ತು ವಾರ. ಮಗು ಮಲಗಿದರೂ ತಾಯಿಗೆ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಲೇಬರ್ ರೂಮಿನ ದೀಪ. ಲಸಿಕೆ ಹಾಕಿಸಲು ಅದೇ ಆಸ್ಪತ್ರೆಗೆ ಹೋಗಬೇಕೆಂದು ಗಂಡನ ಕೈಯಲ್ಲಿ ಮಗುವನ್ನು ಕೊಟ್ಟು ಕಳಿಸಿದ್ದರು. ಗಂಡ ಒಳ್ಳೆಯವರೇ. "ಮಗು ಚೆನ್ನಾಗಿದೆ, ನೀನೂ ಚೆನ್ನಾಗಿದ್ದೀಯ, ಇನ್ನೇನು ಬೇಕು" ಎಂದು ಸಮಾಧಾನ ಹೇಳುತ್ತಲೇ ಇದ್ದರು. ಆ ಸಮಾಧಾನವೇ ಆಕೆಯ ಬಾಯಿ ಕಟ್ಟಿತ್ತು.

ನನ್ನೆದುರು ಕೂತ ಬಹಳ ಹೊತ್ತಿನ ಮೇಲೆ ಮಾತು ಬಂತು. "ನಂಗೆ ಮುಕ್ಕೋಕೇ ಬರಲಿಲ್ಲ ಮೇಡಂ. ಸರಿಯಾಗಿ ಮುಕ್ಕಮ್ಮ, ಮಗುವಿಗೆ ತೊಂದರೆ ಆಗ್ತಿದೆ ಅಂದ್ರು. ಆಮೇಲೆ ತಲೆಗೆ ವ್ಯಾಕ್ಯೂಮ್ ಕಪ್ ಹಾಕಿ ಎಳೆದ್ರು. ನಾನು ಸರಿಯಾಗಿ ಮುಕ್ಕಿದ್ರೆ ಅವಳ ತಲೆ ಮೇಲೆ ಆ ಬಾವು ಬರ್ತಿರಲಿಲ್ಲ."

ಎಷ್ಟು ಹೊತ್ತು ಮುಕ್ಕಿದಿರಿ ಎಂದು ಕೇಳಿದೆ. "ಹತ್ತು ಹದಿನೈದು ನಿಮಿಷ ಇರಬಹುದು."

ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದ್ದದ್ದು ಒಂದೇ ಸಾಲು. ಅದು ಸಾಲದು. ಪೂರ್ತಿ ಕೇಸ್ ಶೀಟಿನ ನಕಲು ಬೇಕು, ಅದರಲ್ಲೂ ಪಾರ್ಟೋಗ್ರಾಫ್ ಬೇಕು ಎಂದು ಅರ್ಜಿ ಬರೆಸಿದೆ. ಗರ್ಭಕಂಠ ಎಷ್ಟು ತೆರೆದಿದೆ, ತಲೆ ಎಷ್ಟು ಇಳಿದಿದೆ, ಮಗುವಿನ ಎದೆಬಡಿತ ಎಷ್ಟು ಎಂಬುದನ್ನೆಲ್ಲ ವೇಳೆ ಸಮೇತ ಗುರುತಿಸುವ ಹಾಳೆ ಅದು.

ಹಾಳೆ ಬಂದಾಗ ಇಬ್ಬರೂ ಕೂತು ಓದಿದೆವು. ಮುಕ್ಕಲು ಶುರು: 3:30. ವ್ಯಾಕ್ಯೂಮ್‌ನಿಂದ ಹೆರಿಗೆ: 5:25. ಆಕೆ ಎರಡೂ ಅಂಕಿಗಳ ಮೇಲೆ ಬೆರಳಿಟ್ಟು, "ಎರಡು ಗಂಟೆ... ನಾನಾ?" ಎಂದರು.

ಕಾರಣವೂ ಅಲ್ಲೇ ಇತ್ತು. ಸಾಮಾನ್ಯವಾಗಿ ಮಗುವಿನ ಹಿಂತಲೆ ತಾಯಿಯ ಹೊಟ್ಟೆಯ ಕಡೆಗಿರುತ್ತದೆ. ಈ ಮಗುವಿನದು ಬೆನ್ನಿನ ಕಡೆಗಿತ್ತು. ಹಾಗಿದ್ದಾಗ ತಲೆಯ ಹೆಚ್ಚು ಅಗಲದ ಭಾಗ ದಾರಿಯಲ್ಲಿ ಹಾಯಬೇಕು. ಸೊಂಟ ಸೀಳುವಂಥ ನೋವು, ಎಷ್ಟು ಮುಕ್ಕಿದರೂ ಇಂಚಿಂಚೇ ಇಳಿಯುವ ತಲೆ, ಎರಡೂ ಅದರಿಂದಲೇ. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160 ಇರಬೇಕು. ಕೊನೆಯ ಅರ್ಧ ಗಂಟೆಯಲ್ಲಿ ನೋವು ಬಂದಾಗೆಲ್ಲ 90ಕ್ಕೆ ಇಳಿದು, ನೋವು ನಿಂತರೂ ತಡವಾಗಿ ಏರುತ್ತಿತ್ತು. ಆದ್ದರಿಂದ ವ್ಯಾಕ್ಯೂಮ್. ತಲೆಯ ಬಾವು ಕಪ್ ಕೂತ ಜಾಗದ್ದು, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆಕೆಯ ಮಗಳದೂ ಇಳಿದಿತ್ತು. ಮೊದಲ ಹೆರಿಗೆಯಲ್ಲಿ ಗರ್ಭಕಂಠ ಪೂರ್ತಿ ತೆರೆದ ಮೇಲೆ ಮಗು ಹುಟ್ಟಲು ಮೂರು ಗಂಟೆವರೆಗೂ ಹಿಡಿಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ. ಇದನ್ನು ಆಕೆಗೆ ಮೊದಲೇ ಯಾರೂ ಹೇಳಿರಲಿಲ್ಲ.

ಹಳೆಯ ಗಾಯ ಯಾಕೆ ಕೆರೆಸುತ್ತೀರಿ ಎಂದು ಕೇಳುವವರಿದ್ದಾರೆ. ಆ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆ. ಕಷ್ಟದ ಹೆರಿಗೆಯಾದವರನ್ನು ಒಂದೇ ಸಲ ಕೂರಿಸಿ ಎಲ್ಲವನ್ನೂ ಮತ್ತೆ ಅನುಭವಿಸುವಂತೆ ಹೇಳಿಸುವ ಪದ್ಧತಿ ಬೇಡ ಎಂದು ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ಸಂಸ್ಥೆ ನೈಸ್ (NICE) ಕೂಡ ಹೇಳುತ್ತದೆ. ನಾನೂ ಹಾಗೆ ಮಾಡಿಸುವುದಿಲ್ಲ. ದಾಖಲೆ ಓದುವುದು ಬೇರೆ. ತಾಯಿಗೆ ಬೇಕೆನಿಸಿದಾಗ, ಹಗಲಿನಲ್ಲಿ, ಬೇಕಾದಷ್ಟೇ ಓದಿ ಮಡಚಿಡಬಹುದು. ಏನಾಯಿತೆಂದು ಯಾರೂ ಹೇಳದಿದ್ದರೆ ಆ ಖಾಲಿ ಜಾಗವನ್ನು ಹೆಂಗಸು ತನ್ನ ತಪ್ಪಿನಿಂದಲೇ ತುಂಬಿಕೊಳ್ಳುತ್ತಾಳೆ. ಚಿಕಿತ್ಸೆಯಲ್ಲಿ ಲೋಪ ಕಂಡರೆ? ಅದೂ ಆಕೆಗೆ ಗೊತ್ತಾಗಲೇಬೇಕು.

ಮುಂದಿನ ಹೆಜ್ಜೆಯಾಗಿ ಹೆರಿಗೆ ಮಾಡಿಸಿದ ವೈದ್ಯರ ಸಮಯ ಕೇಳಿ, ಗಂಡನ ಜೊತೆ ಹೋಗಿ, ಬರೆದುಕೊಂಡ ಮೂರೇ ಪ್ರಶ್ನೆ ಕೇಳಲು ಹೇಳಿದೆ: ವ್ಯಾಕ್ಯೂಮ್ ಯಾಕೆ ಬೇಕಾಯಿತು, ಬೇರೆ ದಾರಿ ಇತ್ತೇ, ಮುಂದಿನ ಹೆರಿಗೆಯೂ ಹೀಗೇ ಆಗುತ್ತದೆಯೇ. ಉತ್ತರಗಳನ್ನು ಗಂಡ ಬರೆದುಕೊಳ್ಳಬೇಕು, ಆತಂಕದಲ್ಲಿ ಕೇಳಿದ್ದು ಉಳಿಯುವುದಿಲ್ಲ. ರಾತ್ರಿ ಒಮ್ಮೆಗೆ ನಾಲ್ಕೈದು ಗಂಟೆ ಮಗುವಿನ ಹೊಣೆ ಅವರದು, ಹಿಂಡಿಟ್ಟ ಹಾಲು ಕುಡಿಸುವುದೂ ಸೇರಿ. "ಇನ್ನೇನು ಬೇಕು" ಬಿಟ್ಟು "ಆಮೇಲೇನಾಯ್ತು" ಎಂದು ಕೇಳಬೇಕು.

ಆಕೆ ಕೊನೆಯಲ್ಲಿ ಇನ್ನೊಂದು ಮಾತು ಹೇಳಿದರು, ಬಾಗಿಲ ಹತ್ತಿರ ನಿಂತು: ಕೈಗೆ ಕೊಟ್ಟಾಗ ಯಾರದೋ ಮಗು ಅನ್ನಿಸಿತಂತೆ. 1980ರಲ್ಲಿ ರಾಬ್ಸನ್ ಮತ್ತು ಕುಮಾರ್ ಪ್ರಕಟಿಸಿದ ಅಧ್ಯಯನದಲ್ಲಿ ಚೊಚ್ಚಲ ತಾಯಂದಿರಲ್ಲಿ ಸುಮಾರು 40 ಪ್ರತಿಶತ ಮಂದಿ ಮಗುವನ್ನು ಮೊದಲು ಎತ್ತಿಕೊಂಡಾಗ ಏನೂ ಅನ್ನಿಸಲಿಲ್ಲ ಎಂದಿದ್ದರು. ಹೆಚ್ಚಿನವರಿಗೆ ವಾರದೊಳಗೆ ಮಮತೆ ಬಂದಿತ್ತು. ಹೆರಿಗೆಯಲ್ಲಿ ತೀರಾ ನೋವುಂಡವರಲ್ಲಿ ಹೀಗೆ ಏನೂ ಅನ್ನಿಸದಿರುವುದು ಹೆಚ್ಚು ಕಂಡಿತ್ತು. ಇದನ್ನು ಹೇಳಿದಾಗ ಆಕೆ ಮತ್ತೆ ಬಂದು ಕೂತರು.

ಎಲ್ಲವೂ ಮಾತಿನಲ್ಲೇ ವಾಸಿಯಾಗುವುದಿಲ್ಲ. ಮೊದಲ ಎರಡು ವಾರದ ಅಳು ತಾನಾಗಿ ಹೋಗುತ್ತದೆ. ಅದು ದಾಟಿಯೂ ಮಂಕು ಉಳಿದರೆ ಖಿನ್ನತೆಯ ತಪಾಸಣೆ ಬೇಕು. ದುಃಸ್ವಪ್ನ, ಬೆಚ್ಚಿಬೀಳುವುದು, ಆಸ್ಪತ್ರೆಯ ಭಯ ಒಂದು ತಿಂಗಳು ಮೀರಿದರೆ ಮನಸ್ಸಿಗಾದ ಆಘಾತಕ್ಕೆ ಚಿಕಿತ್ಸೆ ಕೊಡುವುದರಲ್ಲಿ ಪಳಗಿದ ಮನೋವೈದ್ಯರ ಬಳಿ ಹೋಗಬೇಕು. ಈಕೆಯನ್ನೂ ಕಳಿಸಿದೆ. ಬಾಣಂತಿಗೆ ದನಿಗಳು ಕೇಳಿದರೆ, ನಿದ್ದೆಯೇ ಬೇಡವೆನ್ನಿಸಿದರೆ, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ, ಒಬ್ಬಳನ್ನೇ ಬಿಡಬೇಡಿ. ಆ ಹೊತ್ತಿಗೇ ಆಸ್ಪತ್ರೆಗೆ ಕರೆದೊಯ್ಯಿರಿ.