ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಕೊಟ್ಟ ದುಡ್ಡನ್ನು ಕ್ವಿಬೆಕ್ ಯಾಕೆ ವಿರೋಧಿಸಿತು?

ನಿಮ್ಮ ಪ್ರಶ್ನೆ: ಕೆನಡಾದಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡ್ತೀನಿ ಅಂದಾಗ ಕ್ವಿಬೆಕ್ ಪ್ರಾಂತ್ಯ ಜಗಳಕ್ಕೆ ನಿಂತಿತಂತೆ, ಮನೆ ಬಾಗಿಲಿಗೆ ಬಂದ ದುಡ್ಡನ್ನು ಯಾರಾದರೂ ಬೇಡ ಅಂತಾರಾ?

ಬೇಡ ಅಂದಿಲ್ಲ. "ಕೊಡಿ, ಆದರೆ ನಮ್ಮ ಕೈಗೆ ಕೊಡಿ, ಹಂಚೋದು ನಾವು" ಅಂದರು. ನಾನು ಪಕ್ಕದ ಒಂಟಾರಿಯೋದಲ್ಲಿ ಇರುವವನು. ಮಗಳು ಓದಿದ್ದು ಇಲ್ಲಿಯ ಸರ್ಕಾರಿ ನೆರವಿನಲ್ಲೇ. ಹಾಗಾಗಿ ಈ ಜಗಳದ ಹಳೇ ಕಥೆಯೂ ಗೊತ್ತು, ಅದು ಕೊನೆಗೆ ಸಾಲದ ಕಾಗದದಲ್ಲಿ ಹೇಗೆ ಕಾಣುತ್ತದೆ ಅನ್ನೋದೂ ಗೊತ್ತು.

ಇಲ್ಲಿಯ 1867ರ ಸಂವಿಧಾನದ 93ನೇ ಸೆಕ್ಷನ್ ಪ್ರಕಾರ ಶಿಕ್ಷಣ ಪ್ರಾಂತ್ಯಗಳ ಪಾಲಿನದು. ನಮ್ಮ ಭಾರತದಲ್ಲಿ 1976ರ 42ನೇ ತಿದ್ದುಪಡಿಯಲ್ಲಿ ಶಿಕ್ಷಣವನ್ನು ರಾಜ್ಯ ಪಟ್ಟಿಯಿಂದ ಎತ್ತಿ, ಕೇಂದ್ರ ರಾಜ್ಯ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಗೆ ಹಾಕಿದರಲ್ಲ, ಇಲ್ಲಿ ಅಂಥದ್ದೇನೂ ಆಗಿಲ್ಲ. ರಾಜಧಾನಿ ಒಟ್ಟಾವದಲ್ಲಿ ಕೇಂದ್ರದ ಶಿಕ್ಷಣ ಇಲಾಖೆ ಅನ್ನೋದೇ ಇಲ್ಲ. ಆದರೆ ದೊಡ್ಡ ಖಜಾನೆ ಇರೋದು ಒಟ್ಟಾವದಲ್ಲೇ. ಅಧಿಕಾರ ಒಬ್ಬರದು, ದುಡ್ಡು ಇನ್ನೊಬ್ಬರದು.

ಜಗಳ ಹಳೆಯದು. 1951ರಲ್ಲಿ ಕೇಂದ್ರ ಸರ್ಕಾರ ವಿಶ್ವವಿದ್ಯಾಲಯಗಳಿಗೆ ಅನುದಾನ ಶುರು ಮಾಡಿತು. ಕ್ವಿಬೆಕ್‌ನ ಆಗಿನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದಹಾಗೆ) ಮೊರಿಸ್ ಡ್ಯುಪ್ಲೆಸಿ ಮೊದಲ ವರ್ಷ ಒಪ್ಪಿಕೊಂಡು ಮರುವರ್ಷವೇ ಬೇಡ ಅಂದುಬಿಟ್ಟರು. ಅಲ್ಲಿಯ ವಿಶ್ವವಿದ್ಯಾಲಯಗಳು ವರ್ಷಗಟ್ಟಲೆ ಆ ದುಡ್ಡಿಲ್ಲದೆ ನಡೆದವು. 1960ರ ಹೊತ್ತಿಗೆ ತೆರಿಗೆಯಲ್ಲಿ ಹೊಂದಾಣಿಕೆ ಮಾಡಿ ಗಂಟು ಬಿಡಿಸಿದರು. ತಮಾಷೆ ಅಂದರೆ, ಡ್ಯುಪ್ಲೆಸಿಯನ್ನು ಕಂಡರೆ ಆಗದ ಪಿಯರ್ ಟ್ರೂಡೊ ಕೂಡ 1957ರಲ್ಲಿ ಈ ವಿಷಯದಲ್ಲಿ ಮಾತ್ರ ಅವರ ಪರವಾಗಿ ಬರೆದಿದ್ದರು. ಮುಂದೆ ಪ್ರಧಾನಿಯಾಗಿ ಕ್ವಿಬೆಕ್ ರಾಷ್ಟ್ರೀಯವಾದಿಗಳ ಜೊತೆ ಜೀವನವಿಡೀ ಗುದ್ದಾಡಿದ ಮನುಷ್ಯ!

1964ರಲ್ಲಿ ಕೇಂದ್ರದ ವಿದ್ಯಾರ್ಥಿ ಸಾಲ ಯೋಜನೆ ಬಂತು. ಕ್ವಿಬೆಕ್ ಅದರಿಂದ ಹೊರಗೆ ಉಳಿಯಿತು. ತನ್ನ ಪಾಲಿನ ದುಡ್ಡು ತಗೊಂಡು ತನ್ನದೇ ಯೋಜನೆ ನಡೆಸಿತು, ಇವತ್ತಿಗೂ ಹಾಗೇ ನಡೆಸುತ್ತಿದೆ.

ನೀವು ಕೇಳಿರೋ ಜಗಳ 1998ರದ್ದು ಇರಬೇಕು. ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. 1995ರ ಬಜೆಟ್‌ನಲ್ಲಿ ಹಣಕಾಸು ಮಂತ್ರಿ ಪಾಲ್ ಮಾರ್ಟಿನ್, ಆರೋಗ್ಯ ಮತ್ತು ಉನ್ನತ ಶಿಕ್ಷಣಕ್ಕೆ ಅಂತ ಪ್ರಾಂತ್ಯಗಳಿಗೆ ಹೋಗುತ್ತಿದ್ದ ದುಡ್ಡಿಗೆ ಜೋರಾಗಿ ಕತ್ತರಿ ಹಾಕಿದರು. ಕಾಲೇಜು ಫೀಸು ಏರಿತು, ಹುಡುಗರ ಸಾಲ ಏರಿತು, ಬೈಸಿಕೊಂಡವರು ಪ್ರಾಂತ್ಯದವರು. ಎರಡು ಮೂರು ವರ್ಷದಲ್ಲಿ ಕೇಂದ್ರದ ಕೊರತೆ ಬಜೆಟ್ ಸರಿಹೋಯಿತು. ಆಗ ಪ್ರಧಾನಿ ಜಾನ್ ಕ್ರೆಟಿಯನ್, ಕತ್ತರಿಸಿದ ದುಡ್ಡನ್ನು ವಾಪಸ್ ಕೊಡೋ ಬದಲು, 250 ಕೋಟಿ ಡಾಲರ್ ಇಟ್ಟು ಮಿಲೆನಿಯಮ್ ಸ್ಕಾಲರ್‌ಶಿಪ್ ಫೌಂಡೇಶನ್ ಅಂತ ಹೊಸ ಸಂಸ್ಥೆ ಕಟ್ಟಿದರು. ಹತ್ತು ವರ್ಷ, ವರ್ಷಕ್ಕೆ ಸುಮಾರು 1 ಲಕ್ಷ ವಿದ್ಯಾರ್ಥಿಗಳು, ತಲೆಗೆ ಸರಾಸರಿ 3,000 ಡಾಲರ್.

ಪ್ರಾಂತ್ಯಗಳಿಗೆ ಹೊಟ್ಟೆ ಉರಿಯದೆ ಇರುತ್ತಾ? ನಮ್ಮ ದುಡ್ಡು ಕಿತ್ಕೊಂಡು, ಅದಕ್ಕೇ ನಿಮ್ಮ ಸೀಲು ಒತ್ತಿ, ನಮ್ಮ ಮಕ್ಕಳಿಗೇ ಕೊಟ್ಟು ಹೆಸರು ತಗೋತೀರಾ ಅನ್ನೋದು ಅವರ ಸಿಟ್ಟು.

ಕ್ವಿಬೆಕ್‌ನಲ್ಲಿ ಈ ಸಿಟ್ಟಿಗೆ ಬೇರೆಯೇ ಕಾವು ಇತ್ತು. 1995ರ ಅಕ್ಟೋಬರ್‌ನಲ್ಲಿ ಅಲ್ಲಿ ಕೆನಡಾದಿಂದ ಬೇರೆಯಾಗಬೇಕಾ ಅಂತ ಜನಮತ ನಡೆದಿತ್ತು. 'ಬೇಡ' ಅಂದವರು ಬರೀ 50.58%. ಕೂದಲೆಳೆಯಲ್ಲಿ ದೇಶ ಉಳಿದಿತ್ತು. ಕ್ರೆಟಿಯನ್ ಅವರಿಗೆ ಕ್ವಿಬೆಕ್‌ನ ಹುಡುಗರ ಕಣ್ಣಿಗೆ ಕೆನಡಾ ಸರ್ಕಾರ ಕಾಣಬೇಕಿತ್ತು. ಬೇರೆಯಾಗಬೇಕು ಅನ್ನೋ ಕಡೆಯ ಪ್ರೀಮಿಯರ್ ಲೂಸಿಯೆನ್ ಬೂಶಾರ್ ಅವರಿಗೆ ಅದು ಕಾಣಬಾರದಿತ್ತು. ನನ್ನ ಲೆಕ್ಕದಲ್ಲಿ ಇಡೀ ಜಗಳದ ಮುಕ್ಕಾಲು ಭಾಗ ಇಷ್ಟೇ.

ಉಳಿದ ಕಾಲು ಭಾಗದಲ್ಲಿ ಕ್ವಿಬೆಕ್ ಮಾತಿಗೆ ತೂಕ ಇತ್ತು, ಅದನ್ನೂ ಹೇಳಬೇಕು. ಅಲ್ಲಿಯ ಫೀಸು ದೇಶಕ್ಕೇ ಕಡಿಮೆ. 1994ರಿಂದ 2007ರವರೆಗೆ ವರ್ಷಕ್ಕೆ 1,668 ಡಾಲರ್‌ಗೆ ಕಟ್ಟಿಹಾಕಿದ್ದರು. ಬಡ ಮಕ್ಕಳಿಗೆ ಪ್ರಾಂತ್ಯವೇ ಮೊದಲಿನಿಂದ ವಾಪಸ್ ಕೊಡಬೇಕಿಲ್ಲದ ನೆರವು ಕೊಡುತ್ತಿತ್ತು. ಹಾಗಿದ್ದ ಮೇಲೆ ಅದರ ಮೇಲೇ ಇನ್ನೊಂದು ಯಾಕೆ, ಆ ದುಡ್ಡಲ್ಲಿ ಕಾಲೇಜುಗಳನ್ನೇ ಸರಿಮಾಡ್ತೀವಿ ಅನ್ನೋದು ಅವರ ವಾದ. ತಪ್ಪೇನಿಲ್ಲ ಅಲ್ವಾ? ಕೊನೆಗೆ 1999ರ ಡಿಸೆಂಬರ್‌ನಲ್ಲಿ ರಾಜಿ ಆಯಿತು. ಹೆಸರು ಫೌಂಡೇಶನ್ನಿನದು, ಯಾರಿಗೆ ಸಿಗಬೇಕು ಅಂತ ಆರಿಸೋದು ಕ್ವಿಬೆಕ್‌ನ ವಿದ್ಯಾರ್ಥಿ ನೆರವಿನ ಕಚೇರಿ. ಆಗ ಅಲ್ಲಿಯ ಶಿಕ್ಷಣ ಮಂತ್ರಿಯಾಗಿದ್ದ ಫ್ರಾನ್ಸ್ವಾ ಲಗೊ 2018ರಲ್ಲಿ ಪ್ರೀಮಿಯರೇ ಆದರು.

ಜಗಳ ಮಾಡದ ಪ್ರಾಂತ್ಯಗಳಲ್ಲಿ ಏನಾಯಿತು ಅಂತ ನೋಡಿದರೆ ಇನ್ನೂ ಮಜಾ ಇದೆ. ನಮ್ಮ ಒಂಟಾರಿಯೋವನ್ನೇ ತಗೊಳ್ಳಿ. ಆ ಕಾಲಕ್ಕೆ ಇಲ್ಲಿ ಒಂದು ನಿಯಮ ಇತ್ತು: ಒಂದು ವರ್ಷದ ಓದಿಗೆ ವಿದ್ಯಾರ್ಥಿಯ ಸಾಲ 7,000 ಡಾಲರ್ ದಾಟಿದರೆ, ದಾಟಿದ್ದನ್ನು ಪ್ರಾಂತ್ಯವೇ ಮನ್ನಾ ಮಾಡುತ್ತಿತ್ತು. ಈಗ ಲೆಕ್ಕ ಹಾಕಿ. ಒಬ್ಬ ಹುಡುಗಿಗೆ 10,000 ಸಾಲ ಆಗಿದೆ ಅಂದುಕೊಳ್ಳಿ. ಪ್ರಾಂತ್ಯ 3,000 ಮನ್ನಾ ಮಾಡಬೇಕು, ಅವಳಿಗೆ ಉಳಿಯೋದು 7,000. ಮಿಲೆನಿಯಮ್ ದುಡ್ಡು 3,000 ಬಂತು, ಸಾಲ 7,000ಕ್ಕೆ ಇಳಿಯಿತು. ಮನ್ನಾ ಮಾಡೋಕೆ ಏನೂ ಉಳಿಯಲಿಲ್ಲ! ಹುಡುಗಿಯ ತಲೆ ಮೇಲೆ ಮೊದಲೂ 7,000, ಈಗಲೂ 7,000. ಉಳಿತಾಯ ಆದದ್ದು ಪ್ರಾಂತ್ಯದ ಖಜಾನೆಗೆ. ಆ ಉಳಿತಾಯವನ್ನು ವಿದ್ಯಾರ್ಥಿಗಳಿಗೇ ಖರ್ಚು ಮಾಡಬೇಕು ಅಂತ ಫೌಂಡೇಶನ್ ಪ್ರಾಂತ್ಯಗಳಿಂದ ಮಾತು ತಗೊಂಡಿತ್ತು. ಆದರೆ "ನಮಗೇನು ಜಾಸ್ತಿ ಬಂತು?" ಅನ್ನೋ ಪ್ರಶ್ನೆಯನ್ನು ವಿದ್ಯಾರ್ಥಿ ಸಂಘಟನೆಗಳು ಕೊನೆಯವರೆಗೂ ಬಿಡಲಿಲ್ಲ. ನನ್ನ ಪ್ರಕಾರ ಅದೇ ಕೇಳಬೇಕಾದ ಪ್ರಶ್ನೆ. ಕ್ವಿಬೆಕ್ ಬಾಯಿಬಿಟ್ಟು ಕೇಳಿತು, ಬೇರೆಯವರು ಸುಮ್ನೆ ಜೇಬಿಗೆ ಇಳಿಸಿಕೊಂಡರು. ಅಷ್ಟೇ ವ್ಯತ್ಯಾಸ.

2008ರ ಬಜೆಟ್‌ನಲ್ಲಿ ಆಗಿನ ಪ್ರಧಾನಿ ಹಾರ್ಪರ್ ಸರ್ಕಾರ ಫೌಂಡೇಶನ್ ಮುಂದುವರಿಸೋದಿಲ್ಲ ಅಂದಿತು. 2009ರಿಂದ ಕೆನಡಾ ಸ್ಟೂಡೆಂಟ್ ಗ್ರಾಂಟ್ ಬಂತು, ಅಂದರೆ ವಾಪಸ್ ಕೊಡಬೇಕಿಲ್ಲದ ಕೇಂದ್ರದ ನೆರವು. ಕೋವಿಡ್ ವರ್ಷದಲ್ಲಿ ಅದರ ಗರಿಷ್ಠ ಮೊತ್ತವನ್ನು 3,000ದಿಂದ 6,000ಕ್ಕೆ ಏರಿಸಿದರು, 2023ರಲ್ಲಿ 4,200ಕ್ಕೆ ಇಳಿಸಿದರು. ಈ ಮಧ್ಯೆ 2019ರಲ್ಲಿ ಒಂಟಾರಿಯೋ ತನ್ನ ಕಡೆಯ ಗ್ರಾಂಟ್ ಕಡಿಮೆ ಮಾಡಿತ್ತು. ಒಬ್ಬರು ಹಾಕೋದು, ಒಬ್ಬರು ತೆಗೆಯೋದು.

ಈಗಿನ ಸ್ಥಿತಿ ನೋಡಬೇಕಾದರೆ ಮಗಳ ಓಸಾಪ್ ಕಾಗದ ಸಾಕು. ಓಸಾಪ್ ಅಂದರೆ ಒಂಟಾರಿಯೋದ ವಿದ್ಯಾರ್ಥಿ ನೆರವು. ಅರ್ಜಿ ಒಂದೇ, ಸಾಲದ ಖಾತೆಯೂ ಒಂದೇ. ಆದರೆ ಒಳಗೆ ಕೆನಡಾ ಗ್ರಾಂಟ್, ಒಂಟಾರಿಯೋ ಗ್ರಾಂಟ್, ಕೆನಡಾ ಸಾಲ, ಒಂಟಾರಿಯೋ ಸಾಲ ಅಂತ ಬೇರೆ ಬೇರೆ ಸಾಲುಗಳು. ಕೇಂದ್ರದ ಸಾಲಕ್ಕೆ 2023ರ ಏಪ್ರಿಲ್‌ನಿಂದ ಬಡ್ಡಿ ಇಲ್ಲ. ಒಂಟಾರಿಯೋ ಸಾಲಕ್ಕೆ ಇದೆ, ಅದೂ ಓದು ಮುಗಿದ ಮೇಲಿನ ಆರು ತಿಂಗಳ ಬಿಡುವಿನಲ್ಲೇ ಓಡೋಕೆ ಶುರು. ಒಂದೇ ಹುಡುಗಿ, ಒಂದೇ ಡಿಗ್ರಿ, ಸಾಲದ ಅರ್ಧಕ್ಕೆ ಬಡ್ಡಿ ಇದೆ, ಅರ್ಧಕ್ಕೆ ಇಲ್ಲ. ಮಗಳಿಗೆ ಇದನ್ನು ವಿವರಿಸೋಕೆ ಹೋಗಿ, ಸಂವಿಧಾನದ ಪಾಠವೇ ಮಾಡಬೇಕಾಯಿತು.

ನಮ್ಮ ಕಡೆ ಈ ಜಗಳದ ಮುಖ ಬೇರೆ. ಪರಿಶಿಷ್ಟ ಜಾತಿ ಮಕ್ಕಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪನ್ನೇ ನೋಡಿ. ಹಳೇ ಲೆಕ್ಕದಲ್ಲಿ ರಾಜ್ಯಗಳ ಮೇಲೆ ಭಾರ ಬೀಳುತ್ತಾ ಹೋಗಿ, 2020ರ ಡಿಸೆಂಬರ್‌ನಲ್ಲಿ ಕೇಂದ್ರ 60, ರಾಜ್ಯ 40 ಅಂತ ಹೊಸ ಪಾಲು ಮಾಡಿದರು. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರದ ಪಾಲು ವಿದ್ಯಾರ್ಥಿಯ ಖಾತೆಗೆ. ಅಲ್ಲಿ ದುಡ್ಡು ಬೇಡ ಅನ್ನೋ ಹಠ ಇಲ್ಲ, ಎಷ್ಟು ಮತ್ತು ಯಾವಾಗ ಅನ್ನೋ ಜಗ್ಗಾಟ. ತಡವಾದರೆ ಫೀಸಿಗೆ ಒದ್ದಾಡೋದು ಮಾತ್ರ ಎರಡೂ ಕಡೆ ಹುಡುಗರೇ.

ನಿಮ್ಮ ಪ್ರಶ್ನೆ ಹಿಂದೆ ಮಕ್ಕಳನ್ನು ಇಲ್ಲಿಗೆ ಕಳಿಸೋ ಯೋಚನೆ ಇದ್ದರೆ: ಸ್ಟಡಿ ಪರ್ಮಿಟ್‌ನಲ್ಲಿ ಬಂದವರಿಗೆ ಈ ಗ್ರಾಂಟು, ಸಾಲ ಯಾವುದೂ ಇಲ್ಲ. ಪಿಆರ್ (ಇಲ್ಲಿ ಖಾಯಂ ಆಗಿ ಇರೋ ಅನುಮತಿ) ಅಥವಾ ಪೌರತ್ವ ಬೇಕು, ಇಲ್ಲವೇ ನಿರಾಶ್ರಿತರೆಂದು ರಕ್ಷಣೆ ಸಿಕ್ಕಿರಬೇಕು. ಅರ್ಜಿ ಹಾಕೋದು ಕಾಲೇಜು ಇರೋ ಪ್ರಾಂತ್ಯಕ್ಕಲ್ಲ, ನಿಮ್ಮ ಮನೆ ಇರೋ ಪ್ರಾಂತ್ಯಕ್ಕೆ. ಮಾಂಟ್ರಿಯಲ್‌ನಲ್ಲಿ ಬೆಳೆದ ಹುಡುಗ ಟೊರಾಂಟೊದಲ್ಲಿ ಓದಿದರೂ ಕ್ವಿಬೆಕ್ ಕಚೇರಿಗೇ ಅರ್ಜಿ ಹಾಕಬೇಕು.