ವಾಸಿಯಾಯಿತೆಂದು ಸಾಕ್ಷಿ ಹೇಳಿದ್ದೆ, ಈಗೇನು ಮಾಡಲಿ?

ಪ್ರಶ್ನೆ: ನನಗೆ ಚಿಕ್ಕಂದಿನಿಂದ ಮೂರ್ಛೆರೋಗವಿದೆ. ಕಳೆದ ವರ್ಷ ಉಪವಾಸ ಪ್ರಾರ್ಥನೆಯ ನಂತರ ಏಳು ತಿಂಗಳು ಒಮ್ಮೆಯೂ ಫಿಟ್ಸ್ ಬರಲಿಲ್ಲ. ಸಭೆಯಲ್ಲಿ ಎದ್ದುನಿಂತು, ಕರ್ತನು ಪೂರ್ತಿ ಗುಣಪಡಿಸಿದನು, ಮಾತ್ರೆಯನ್ನೂ ಬಿಟ್ಟಿದ್ದೇನೆ ಎಂದು ಸಾಕ್ಷಿ ಹೇಳಿದೆ. ನಿಜವಾಗಿ ಮಾತ್ರೆ ಬಿಟ್ಟಿರಲಿಲ್ಲ; ಆ ಗಳಿಗೆಯಲ್ಲಿ ಬಾಯಿಗೆ ಹಾಗೆ ಬಂದುಬಿಟ್ಟಿತು. ಎರಡು ತಿಂಗಳಿಂದ ಮತ್ತೆ ಫಿಟ್ಸ್ ಬರುತ್ತಿದೆ. ಇದೇ ಕಾಯಿಲೆಯ ಯುವತಿಯೊಬ್ಬಳು ನನ್ನ ಸಾಕ್ಷಿ ಕೇಳಿ ಮಾತ್ರೆ ನಿಲ್ಲಿಸಲು ಯೋಚಿಸುತ್ತಿದ್ದಾಳೆ. ಮುಂದಿನ ಕೂಟದಲ್ಲಿ ಅದೇ ಸಾಕ್ಷಿಯನ್ನು ಮತ್ತೆ ಹೇಳಬೇಕೆಂದು ಪಾಸ್ಟರ್ ಕೇಳಿದ್ದಾರೆ. ನಿಜ ಹೇಳಿದರೆ ದೇವರ ಹೆಸರಿಗೆ ಕಳಂಕ, ಹೊಸಬರ ನಂಬಿಕೆಗೆ ಪೆಟ್ಟು ಎನ್ನುತ್ತಾರೆ ನನ್ನ ಯಜಮಾನರು. ದಾರಿ ತೋರಿಸಿ.

ಉತ್ತರ: ಸಹೋದರಿ, ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಆ ಯುವತಿಗೆ ಫೋನ್ ಮಾಡಿ. ಮೂರ್ಛೆರೋಗದ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಸೆಳೆತ ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಎರವಾಗಬಹುದು. ಕಡಿಮೆ ಮಾಡುವುದಿದ್ದರೂ ವೈದ್ಯರು ಬಹಳ ನಿಧಾನವಾಗಿ ಇಳಿಸುತ್ತಾರೆ. “ನಾನು ಮಾತ್ರೆ ಬಿಟ್ಟಿರಲಿಲ್ಲ, ಫಿಟ್ಸ್ ಮತ್ತೆ ಬಂದಿದೆ” ಎಂದರೆ ಸಾಕು. ಕಣ್ಣೀರು, ಕ್ಷಮಾಪಣೆ, ವಿವರಣೆ ಎಲ್ಲಕ್ಕೂ ಆಮೇಲೆ ಸಮಯವಿದೆ. ನೀವೂ ವೈದ್ಯರನ್ನು ಕಾಣಬೇಕು. ಎರಡು ತಿಂಗಳು ಮುಚ್ಚಿಟ್ಟಿದ್ದೇ ಹೆಚ್ಚಾಯಿತು.

ಫೋನ್ ಮಾಡಿದಿರಾ? ಹಾಗಾದರೆ ಮುಂದಕ್ಕೆ ಹೋಗೋಣ.

ನಿಮ್ಮ ಯಜಮಾನರ ಮಾತು ಹೊಸದೇನಲ್ಲ. ಬೈಬಲಿನಲ್ಲಿ ಕಷ್ಟಕ್ಕೆ ಸಿಕ್ಕಿದ ಯೋಬನ ಗೆಳೆಯರೂ ದೇವರ ಪರವಾಗಿ ವಕಾಲತ್ತು ವಹಿಸಲು ಹೊರಟವರೇ. ದೇವರಿಗೋಸ್ಕರ ನೀವು ಸುಳ್ಳಾಡುತ್ತೀರಾ ಎಂದು ಯೋಬ ಅವರನ್ನು ನೇರವಾಗಿ ಕೇಳುತ್ತಾನೆ (13ನೆಯ ಅಧ್ಯಾಯ). ಕೊನೆಯಲ್ಲಿ ದೇವರ ಕೋಪ ಉರಿಯುವುದು ಗೊಣಗಿದ, ಜಗಳವಾಡಿದ ಯೋಬನ ಮೇಲಲ್ಲ, ಆ ವಕೀಲರ ಮೇಲೆ. ಹೊಸಬರ ನಂಬಿಕೆಯ ಬಗ್ಗೆ ಯಜಮಾನರಿಗಿರುವ ಕಾಳಜಿ ಒಳ್ಳೆಯದೇ. ಆದರೆ ನಿಮ್ಮ ಗುಟ್ಟು ಬಯಲಾದ ದಿನ ಕುಸಿಯುವ ನಂಬಿಕೆ ಯಾರ ಮೇಲೆ ನಿಂತಿತ್ತು ಎಂದು ಅವರನ್ನೇ ಕೇಳಿ ನೋಡಿ.

ಮಾರ್ಕನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ ಬೇತ್ಸಾಯಿದದ ಕುರುಡನೊಬ್ಬನಿದ್ದಾನೆ. ಯೇಸು ಅವನ ಮೇಲೆ ಕೈಯಿಟ್ಟು, ಏನಾದರೂ ಕಾಣುತ್ತದೆಯೇ ಎಂದು ಕೇಳುತ್ತಾನೆ. ನಮ್ಮ ಸಭೆಗಳಲ್ಲಾಗಿದ್ದರೆ ಅಲ್ಲಿಗೇ ಚಪ್ಪಾಳೆ, ಸ್ತೋತ್ರ! ಆ ಕುರುಡನೋ, ಮನುಷ್ಯರು ಕಾಣುತ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಕಾಣುತ್ತಾರೆ ಎಂದುಬಿಟ್ಟ. ಯೇಸುವಿನ ಮುಖ ನೋಡಿಕೊಂಡು, ದಾಕ್ಷಿಣ್ಯಕ್ಕೆ, ಎಲ್ಲ ಚೆನ್ನಾಗಿ ಕಾಣುತ್ತಿದೆ ಎನ್ನಲಿಲ್ಲ. ಯೇಸು ಗದರಲೂ ಇಲ್ಲ, ಇನ್ನೊಮ್ಮೆ ಕೈಯಿಟ್ಟನು. ಅರ್ಧ ಗುಣವನ್ನು ಅರ್ಧವೆಂದೇ ಹೇಳಿದ ಆ ಮನುಷ್ಯ ನನಗೆ ಬಹಳ ಇಷ್ಟ. ಅಪೊಸ್ತಲ ಪೌಲನೂ ತನ್ನ ಶರೀರದಲ್ಲಿ ನಾಟಿದ ಶೂಲಕ್ಕಾಗಿ ಮೂರು ಸಾರಿ ಬೇಡಿಕೊಂಡೆ, ಅದು ಹೋಗಲಿಲ್ಲ ಎಂದು ಕೊರಿಂಥದವರಿಗೆ ಬರೆದ. ಜೊತೆಗಾರ ತ್ರೊಫಿಮನನ್ನು ಮಿಲೇತ ಊರಿನಲ್ಲಿ ರೋಗಿಯಾಗಿಯೇ ಬಿಟ್ಟುಬಂದೆ ಎಂದು ತಿಮೊಥೆಯನಿಗೆ ತಿಳಿಸಿದ. ಇದರಿಂದ ಸುವಾರ್ತೆಗೆ ಕಳಂಕ ಬಂದೀತೆಂದು ಅವನು ಅಳುಕಿದಂತೆ ಕಾಣುವುದಿಲ್ಲ.

ನಿಮಗೆ ಅಪೊಸ್ತಲರ ಮುಂದೆ ಸುಳ್ಳಾಡಿ ಸತ್ತುಬಿದ್ದ ದಂಪತಿ ಅನನೀಯ, ಸಪ್ಫೈರರ ಕಥೆ ನೆನಪಾಗಿ ಭಯವಾಗಿರಬಹುದು. ಹೊಲ ಮಾರಿದ ಹಣದಲ್ಲಿ ಒಂದಿಷ್ಟನ್ನು ಇಟ್ಟುಕೊಂಡದ್ದಕ್ಕೆ ಅಪೊಸ್ತಲ ಪೇತ್ರ ಅವರನ್ನು ದೂರಲಿಲ್ಲ. ಹಣ ನಿನ್ನದೇ ಆಗಿತ್ತಲ್ಲ ಎಂದ. ಭಾಗವನ್ನು ತಂದು ಪೂರ್ತಿಯೆಂದು ತೋರಿಸಿದ್ದೇ ತಪ್ಪಾಯಿತು. ನೀವೂ ಅದನ್ನೇ ಮಾಡಿದಿರಿ. ಏಳು ತಿಂಗಳ ನೆಮ್ಮದಿ ನಿಜ, ಅದಕ್ಕಾಗಿ ಮಾಡಿದ ಸ್ತೋತ್ರವೂ ನಿಜ. ಅದರ ಮೇಲೆ ಮಾತ್ರೆಯ ಸುಳ್ಳನ್ನು ಪೇರಿಸಿದಿರಿ. ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ವಿವರವಿದೆ: ಹೊಲ ಇಷ್ಟಕ್ಕೇ ಮಾರಿದಿರಾ ಎಂದು ಪೇತ್ರ ಸಪ್ಫೈರಳನ್ನು ಕೇಳಿದ, ಅವಳು ಹೌದು, ಇಷ್ಟಕ್ಕೇ ಎಂದಳು. ಪಾಸ್ಟರ್ ಈಗ ನಿಮ್ಮ ಮುಂದಿಟ್ಟಿರುವುದೂ ಹೆಚ್ಚುಕಡಿಮೆ ಅದೇ ಪ್ರಶ್ನೆ. ನೀವಿನ್ನೂ ಉತ್ತರ ಕೊಟ್ಟಿಲ್ಲ.

ಕೂಟಕ್ಕೆ ಮೊದಲೇ ಪಾಸ್ಟರ್ ಅವರನ್ನು ಕಂಡು ಎಲ್ಲವನ್ನೂ ಹೇಳಿ. ಯಜಮಾನರು ಜೊತೆಗೆ ಬಂದರೆ ಒಳ್ಳೆಯದು, ಬಾರದಿದ್ದರೂ ಹೋಗಿ. ಸುಳ್ಳನ್ನು ಎಲ್ಲರೆದುರು ಹೇಳಿದ್ದೀರಿ, ಆದ್ದರಿಂದ ತಿದ್ದುವುದೂ ಎಲ್ಲರೆದುರೇ ಆಗಬೇಕು. ಎರಡು ನಿಮಿಷದಲ್ಲಿ ಮುಗಿಸಿ. ಏಳು ತಿಂಗಳ ವಿಷಯ ಹೇಳಿ, ಮಾತ್ರೆಯ ವಿಷಯ ಹೇಳಿ, ಈಗಿನ ಸ್ಥಿತಿ ಹೇಳಿ, ಯಾರೂ ವೈದ್ಯರನ್ನು ಕೇಳದೆ ಔಷಧಿ ನಿಲ್ಲಿಸಬಾರದು ಎಂದು ಹೇಳಿ ಕುಳಿತುಕೊಳ್ಳಿ. ಪಶ್ಚಾತ್ತಾಪವೂ ಕೆಲವೊಮ್ಮೆ ಪ್ರದರ್ಶನವಾಗಿಬಿಡುತ್ತದೆ, ಎಚ್ಚರ. ಪಾಸ್ಟರ್ ಬೇಡವೆಂದರೆ ಹಳೆಯ ಸಾಕ್ಷಿಯನ್ನು ಮಾತ್ರ ಯಾವ ಕಾರಣಕ್ಕೂ ಮತ್ತೆ ಹೇಳಬೇಡಿ. ಅದನ್ನು ಕೇಳಿದವರಲ್ಲಿ ಕಾಯಿಲೆಯವರು, ಕಾಯಿಲೆಯವರ ಮನೆಯವರು ಯಾರೆಂದು ನಿಮಗೆ ಗೊತ್ತಿರುತ್ತದೆ, ಒಬ್ಬೊಬ್ಬರಿಗೂ ನೀವೇ ತಿಳಿಸಿ.

ಕೆಲವರು ಮುಖ ತಿರುಗಿಸಬಹುದು. ನಂಬಿಕೆ ಸಾಲದ್ದಕ್ಕೆ ಕಾಯಿಲೆ ಮರಳಿತು ಎನ್ನುವವರೂ ಸಿಗುತ್ತಾರೆ. ಅಂಥವರಿಗೆ ಪೌಲನ ಶೂಲದ ಅಧ್ಯಾಯ ತೋರಿಸಿ, ವಾದಕ್ಕೆ ನಿಲ್ಲಬೇಡಿ. ಸತ್ಯವು ನಿಮ್ಮನ್ನು ಬಿಡುಗಡೆ ಮಾಡುವುದು ಎಂಬ ಯೇಸುವಿನ ಮಾತನ್ನು ಗೋಡೆಗೆ ತೂಗುಹಾಕುವವರು ಅದರ ಹಿಂದಿನ ಮಾತನ್ನು ಬಿಟ್ಟುಬಿಡುತ್ತಾರೆ. ನನ್ನ ವಾಕ್ಯದಲ್ಲಿ ನೆಲೆಗೊಂಡರೆ ನೀವು ನಿಜವಾಗಿ ನನ್ನ ಶಿಷ್ಯರು ಎಂಬುದು ಮೊದಲು ಬರುತ್ತದೆ. ನೆಲೆಗೊಳ್ಳಲು ಸಮಯ ಹಿಡಿಯುತ್ತದೆ. ನಿಜ ಹೇಳಿದ ಸಂಜೆಯೇ ಮನಸ್ಸು ಹಗುರಾಗದಿದ್ದರೆ ಗಾಬರಿಯಾಗಬೇಡಿ.

ಆ ಯುವತಿ ಸಿಟ್ಟಾದರೆ ಸುಮ್ಮನೆ ಕೇಳಿಸಿಕೊಳ್ಳಿ, ಸಿಟ್ಟಾಗುವ ಹಕ್ಕು ಅವಳಿಗಿದೆ. ಅವಳು ಒಪ್ಪಿದರೆ, ಮುಂದಿನ ಸಲ ವೈದ್ಯರ ಬಳಿಗೆ ಇಬ್ಬರೂ ಒಟ್ಟಿಗೆ ಹೋಗಿಬನ್ನಿ.